ಉಪ್ಪು ನೋಡಿಸುವ ಖಾದರ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟೊಂದರ ಮುಂದೆ ಖಾದರ್ ತಮ್ಮ ವ್ಯಾನಿನ ಗಾಜಿನ ಮೇಲಿನ ಇಬ್ಬನಿ ಒರೆಸುತ್ತಿದ್ದಾರೆ. ನಸುಕಿನ ಸಹರಿಯ ಊಟ ಮುಗಿಸಿ ರೋಜಾ ಉಪವಾಸ ಹಿಡಿದಾಗಿದೆ. ಇನ್ನು ಸಂಜೆಯವರೆಗೆ ಗುಟುಕು ನೀರೂ ಇಲ್ಲ. ಆದರೆ ಪಕ್ಕದ ಸೀಟಿನ ಮೇಲೆ ಪುಟ್ಟ ಪುಟ್ಟ ಸ್ಟೀಲ್ ಡಬ್ಬಿಗಳು ಮದುವೆಗೆ ಹೊರಟ ಮಕ್ಕಳಂತೆ ಸಾಲಾಗಿ ಕೂತಿವೆ.

"ಅಜೀ, ಡಬ್ಬಿಗಳಿಗೂ ಬೆಲ್ಟ್ ಹಾಕಿ. ಮೊನ್ನೆ ಕುರ್ಮಾ ಎಲ್ಲಾ ಸೀಟೇ ತಿಂದಿತ್ತು" ಎಂದು ಹೆಂಡತಿ ಪರ್ವೀನ್ ಬಾಲ್ಕನಿಯಿಂದ ಕೂಗುತ್ತಾರೆ. ಖಾದರ್ ಬೆಲ್ಟ್ ಹಾಕುತ್ತಾರೆ.

ಈ ಡಬ್ಬಿಗಳು ಖಾದರ್ ಅವರಿಗಲ್ಲ. ಪ್ಲೆಸೆಂಟನ್‌ನಲ್ಲಿ ಮಗಳ ಮನೆಯಲ್ಲಿರುವ, ಮಂಡ್ಯ ಕಡೆಯ ತಾಯಮ್ಮನವರಿಗೆ. ಅವರ ಜಠರವನ್ನು ಕ್ಯಾನ್ಸರಿನಿಂದಾಗಿ ಪೂರ್ತಿ ತೆಗೆದಿದ್ದಾರೆ. ಈಗ ರೇಡಿಯೇಷನ್ ನಡೆಯುತ್ತಿದೆ. ಇಂದು ಸೋಮವಾರ, ತೂಕ ನೋಡುವ ದಿನ. ಕಳೆದ ವಾರಕ್ಕಿಂತ ಇಳಿದಿದ್ದರೆ ರೇಡಿಯೇಷನ್ ನಿಲ್ಲಿಸಿ, ಕರುಳಿಗೆ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಟೈರ್ ಅಂಗಡಿ ಇಟ್ಟಿದ್ದ ಖಾದರ್ ಈ ಪರದೇಶದಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿನ ಡ್ರೈವರ್. ಗೆಳೆಯರೆಲ್ಲ ಡಾಟ್‌ಕಾಮ್ ಕಂಪನಿಗಳ ಹುಡುಗರನ್ನು ವಿಮಾನ ನಿಲ್ದಾಣಕ್ಕೆ ಬಿಡುತ್ತಾರೆ. ಇವರನ್ನೂ ಕರೆದರು. "ಆ ಹುಡುಗರು ಫೋನಲ್ಲೇ ಇರ್ತಾರೆ. ನನ್ನ ಪೇಶೆಂಟುಗಳು ಸುಮ್ಮನೆ ಕೂರ್ತಾರೆ. ನಂಗೆ ಸುಮ್ಮನೆ ಕೂರೋರು ಇಷ್ಟ" ಎನ್ನುತ್ತಾರೆ. ವ್ಯಾನಿನ ರೇಡಿಯೋ ಯಾವತ್ತೋ ಕೆಟ್ಟಿದೆ, ಅದನ್ನು ರಿಪೇರಿ ಮಾಡಿಸಿಲ್ಲ. ವ್ಯಾನಿನೊಳಗೆ ತಿನ್ನಬಾರದು ಎಂಬ ಕಂಪನಿಯ ಚೀಟಿ ಕನ್ನಡಿಯ ಕೆಳಗಿದೆ. ಅದರ ಮೇಲೆ ಖಾದರ್ ತಮ್ಮ ಟೋಪಿ ನೇತುಹಾಕಿದ್ದಾರೆ.

ತಾಯಮ್ಮನವರಿಗೆ ಶುರುವಾದದ್ದು ಎದೆಯುರಿ, ಹುಳಿತೇಗು. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು. ಗ್ಯಾಸು ಎಂದುಕೊಂಡು ತಿಂಗಳುಗಟ್ಟಲೆ ಓಮದ ನೀರು ಕುಡಿದರು. ರಕ್ತ ಕಡಿಮೆಯಾಗಿ, ಸೀರೆ ನಿಲ್ಲದಷ್ಟು ಸೊರಗಿದ ಮೇಲೆ ಬಾಯಿಯಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಅಲ್ಲಿದ್ದ ಹುಣ್ಣಿನ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. ಜಠರ ತೆಗೆದು, ಅನ್ನನಾಳವನ್ನು ನೇರ ಸಣ್ಣ ಕರುಳಿಗೆ ಜೋಡಿಸಿದರು. ಕಣ್ಣಿಗೆ ಕಾಣದ ಕಣಗಳು ಉಳಿದಿದ್ದರೆ ಅವು ಸಾಯಲಿ ಎಂದು ಐದು ವಾರ ರೇಡಿಯೇಷನ್, ಜೊತೆಗೆ ಕೀಮೋ ಔಷಧಿ.

ಅನ್ನ ಕೂಡಿಡುವ ಚೀಲವೇ ಇಲ್ಲದ್ದರಿಂದ ಒಂದೇ ಸಲ ಉಣ್ಣುವಂತಿಲ್ಲ. ಎರಡೆರಡು ಗಂಟೆಗೊಮ್ಮೆ ಒಂದು ಹಿಡಿ, ಚೆನ್ನಾಗಿ ಅಗಿದು. ಸಿಹಿ ತಿಂದರೆ ಬೆವರು, ಎದೆ ಡವಡವ. ಇದನ್ನೆಲ್ಲ ತಾಯಮ್ಮ ಒಪ್ಪಿದರು. ಒಪ್ಪದೇ ಇದ್ದದ್ದು ಒಂದೇ: ಬೇರೆಯವರಿಗಿಂತ ಮೊದಲು ತಿನ್ನುವುದು. ಆಯುಷ್ಯವಿಡೀ ಎಲ್ಲರೂ ಉಂಡ ಮೇಲೆ ಅಡಿಗೆಮನೆಯಲ್ಲಿ ಒಬ್ಬರೇ ಉಂಡವರು. ಮಗಳು ಕಾವ್ಯಾ ಬೆಳಗಾಗುವ ಮುಂಚೆ ಆಫೀಸಿಗೆ ಹೋಗುತ್ತಾಳೆ. ಇಂಟರ್ನೆಟ್ಟಿನಲ್ಲಿ ಕೊಡೆ ಬಾಡಿಗೆಗೆ ಕೊಡುವ ಕಂಪನಿ ಅದು. ("ಒಂದ್ ಕೊಡೆಗೆ ಎಷ್ಟ್ ಜನ ಇಂಜಿನಿಯರ್ರವ್ವಾ?" ಎಂದು ತಾಯಮ್ಮ ಕೇಳಿದ್ದಾರೆ.) ಮನೆಯಲ್ಲಿ ಮೊದಲು ಬಡಿಸಿ ಉಣಿಸಲು ಯಾರೂ ಇಲ್ಲ, ಆದ್ದರಿಂದ ಮಗಳು ತುಂಬಿಟ್ಟ ಡಬ್ಬಿಯನ್ನು ತಾಯಮ್ಮ ತೆರೆಯುವುದಿಲ್ಲ.

ಸಿಕ್ಕಿದವರು ಖಾದರ್. "ನೀವು ತಿನ್ನಿ ಸಾಬ್ರೇ, ಆಮೇಲೆ ನಾನು" ಎಂದರು ತಾಯಮ್ಮ. ಆಸ್ಪತ್ರೆಯ ದಾರಿಯ ಬೇ ಬ್ರಿಜ್ಜಿನ ಟ್ರಾಫಿಕ್‌ನಲ್ಲಿ ಖಾದರ್ ಎರಡು ಇಡ್ಲಿ ತಿಂದರೆ ತಾಯಮ್ಮ ಅರ್ಧ ತಿನ್ನುತ್ತಿದ್ದರು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಇವರು ಮೊಸರನ್ನ ಮುಗಿಸಿದರೆ ಅವರು ನಾಲ್ಕು ಚಮಚ. ಅವರ ತೂಕ ನಿಂತಲ್ಲೇ ನಿಂತಿತು. ಏರಿದ್ದು ಖಾದರ್‌ದು. "ಹೊಟ್ಟೆ ತೆಗೆಸಿಕೊಂಡದ್ದು ಅವರು, ಹೊಟ್ಟೆ ಬಂದದ್ದು ನನಗೆ" ಎಂದು ಬೆಲ್ಟಿನ ಹೊಸ ತೂತು ತೋರಿಸುತ್ತಾರೆ. ಸಂಬಳ ಕೊಡುವವರಿಗೆ ಈ ಕೆಲಸದ ಸುದ್ದಿ ಗೊತ್ತಿಲ್ಲ.

ನವೆಂಬರ್ ಕೊನೆಗೆ ರಂಜಾನ್ ಬಂತು.

"ನೀವು ಹಸ್ಕೊಂಡು ಗಾಡಿ ಓಡಿಸ್ತಾ ಇದ್ರೆ ಹಿಂದೆ ಕೂತು ನಾನು ಬಾಯಾಡಿಸ್ಲಾ? ನಂಗೂ ಬ್ಯಾಡ" ಎಂದು ತಾಯಮ್ಮ ಡಬ್ಬಿ ಮುಚ್ಚಿದರು. ಒಂದೇ ವಾರದಲ್ಲಿ ಮೂರು ಪೌಂಡು ಇಳಿದರು. ನಳಿಗೆಯ ಮಾತು ಬಂದದ್ದು ಆಗಲೇ. ಆ ದಿನ ವಾಪಸು ಬರುವಾಗ ವ್ಯಾನಿನಲ್ಲಿದ್ದ ಮೌನ ಖಾದರ್‌ಗೆ ಇಷ್ಟವಾಗುವಂಥದ್ದಲ್ಲ. ರೇಡಿಯೋ ರಿಪೇರಿ ಮಾಡಿಸಬೇಕು ಎಂದು ಮೊದಲ ಸಲ ಅನ್ನಿಸಿತು.

ಮರುದಿನ ಬೆಳಿಗ್ಗೆ ಖಾದರ್ ತಲೆ ಕೆರೆದುಕೊಳ್ಳುತ್ತ ಒಂದು ಡಬ್ಬಿ ಚಾಚಿದರು. "ಅಮ್ಮ, ಇದು ನನ್ನ ಸಂಜೆ ಇಫ್ತಾರಿಗೆ. ರೋಜಾದಲ್ಲಿ ನಾನು ರುಚಿ ನೋಡೋ ಹಾಗಿಲ್ಲ, ಮನೆಯವಳೂ ನೋಡೋ ಹಾಗಿಲ್ಲ. ಉಪ್ಪು ಸರಿ ಇದೆಯಾ ಸ್ವಲ್ಪ ನೋಡ್ತೀರಾ?"

ಉಪ್ಪು ನೋಡುವುದು ತಿನ್ನುವುದಲ್ಲ. ಅದು ಅಡಿಗೆಯವಳ ಕರ್ತವ್ಯ. ತಾಯಮ್ಮ ಬೇಳೆ ಹಾಕಿದ ಮೆತ್ತನೆ ಗಂಜಿಯನ್ನು ಮೂರು ಚಮಚ ನೋಡಿದರು. ಸಂಶಯ ಪರಿಹಾರಕ್ಕೆ ಇನ್ನೆರಡು. "ಒಂದ್ ಕಲ್ಲು ಕಮ್ಮಿ" ಎಂದರು. ಎರಡು ಗಂಟೆ ಕಳೆದು ಕುರ್ಮಾ, ಆಮೇಲೆ ಬೇಯಿಸಿದ ಮೊಟ್ಟೆ, ಆಮೇಲೆ ಖಿಚಡಿ. ಮೂರೇ ದಿನಕ್ಕೆ ಪರ್ವೀನ್ ಸಿಡಿದರು. "ಇಪ್ಪತ್ತು ವರ್ಷದಿಂದ ಅಡಿಗೆ ಮಾಡ್ತಿದೀನಿ. ದಿನಾ ನಾಲ್ಕು ಸಲ ಫೇಲ್ ಮಾಡ್ತಾರಲ್ರೀ ನಿಮ್ಮಮ್ಮ!" ಬಯ್ಯುತ್ತಲೇ ಐದನೇ ಡಬ್ಬಿ ತುಂಬಿದರು.

ಆಸ್ಪತ್ರೆಯಲ್ಲಿ ಇಂದು ನರ್ಸ್ ತೂಕದ ಯಂತ್ರವನ್ನು ಎರಡು ಸಲ ನೋಡುತ್ತಾಳೆ. ಒಂದೂವರೆ ಪೌಂಡು ಏರಿದೆ. ನಳಿಗೆ ಬೇಡ, ಉಳಿದ ರೇಡಿಯೇಷನ್ ಮುಂದುವರಿಯಲಿ ಎಂದು ಡಾಕ್ಟರು ಹೇಳುತ್ತಾರೆ. ಕಾಯಿಲೆ ಪೂರ್ತಿ ಹೋಯಿತೇ ಎಂಬುದಕ್ಕೆ ಉತ್ತರ ಇನ್ನೂ ದೂರವಿದೆ. ಖಾದರ್ ಗೋಡೆ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಅವರ ಆಸೆ ದೊಡ್ಡದೇನಲ್ಲ. "ಹಬ್ಬದ ದಿನ ಅಮ್ಮ ನಮ್ಮನೇಲಿ ಕುರ್ಚಿ ಮೇಲೆ ಕೂತು, ಎಲ್ಲರಿಗಿಂತ ಮೊದಲು ಊಟ ಮಾಡ್ಬೇಕು. ಅಷ್ಟೇ."

ವಾಪಸು ದಾರಿಯಲ್ಲಿ ಫ್ರೀವೇ ತುಂಬ ವಾಹನಗಳು ನಿಂತಿವೆ.

"ಸಾಬ್ರೇ, ನಿಮ್ಮನೇವ್ರು ಅಡಿಗೆ ಮಾಡೋದು ಬೆಳಕಾಗೋಕ್ ಮುಂಚೆ ಅಲ್ವಾ?" ಎಂದು ತಾಯಮ್ಮ ಹಿಂದಿನಿಂದ ಕೇಳುತ್ತಾರೆ.

"ಹೌದಮ್ಮ."

"ಉಪವಾಸ ಇನ್ನೂ ಹಿಡಿದಿರಾಕಿಲ್ಲ."

ಖಾದರ್ ಕನ್ನಡಿಯ ಕೆಳಗಿನ ಟೋಪಿ ಸರಿಮಾಡುತ್ತಾರೆ.

"ಆಗ್ಲೇ ಮನೇಲೇ ನೋಡ್ಬೋದಲ್ಲ ಉಪ್ಪ? ಮೊದಲ್ನೇ ದಿನವೇ ಅಂದ್ಕೊಂಡೆ."

ಕನ್ನಡಿಯಲ್ಲಿ ಅವರ ಮುಖ ನೋಡಲು ಖಾದರ್‌ಗೆ ಧೈರ್ಯ ಸಾಲದು. ಮುಂದಿನ ಕಾರು ಅರ್ಧ ಗಾಲಿಯಷ್ಟು ಸರಿಯುತ್ತದೆ. ಹಿಂದಿನ ಸೀಟಿನಿಂದ ಬಳೆ ತೊಟ್ಟ ಕೈಯೊಂದು ಮುಂದೆ ಚಾಚುತ್ತದೆ.

"ಹೊತ್ತಾಯ್ತು. ಖಿಚಡಿದು ಕೊಡಿ, ನೋಡಾನ."