ಎಲ್ಲರೂ ಒಪ್ಪಿದಾಗ ಹೆದರುವವರು

ಸೇತುವೆಗಳ ಸುರಕ್ಷತಾ ಪರೀಕ್ಷೆಯ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ನಮ್ಮ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯರ ಬಗ್ಗೆ ಬರೆಯುವ ಭಾಗ್ಯ ನನ್ನದಾಗಿದೆ. ಕಬ್ಬಿಣ, ಕಾಂಕ್ರೀಟುಗಳನ್ನು ಅರೆದು ಕುಡಿದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ತೀರ್ಮಾನ ತೆಗೆದುಕೊಳ್ಳುವ ಹೊತ್ತಿನಲ್ಲಿ ಮನುಷ್ಯನ ಬುದ್ಧಿ ಎಲ್ಲಿ ಜಾರುತ್ತದೆಂದು ಬಲ್ಲವರು ಕಡಿಮೆ. ಆ ವಿರಳರಲ್ಲಿ ಇವರೊಬ್ಬರು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬೆನ್ನ ಹಿಂದೆ ನಾವು ಇವರನ್ನು ‘ಚೀಟಿ ಸಾಹೇಬರು’ ಎಂದು ಕರೆಯುತ್ತಿದ್ದೆವು. ಅದು ಅವರಿಗೆ ಮೊದಲಿಂದಲೂ ಗೊತ್ತಿತ್ತು ಎಂಬುದು ನಮಗೆ ತಡವಾಗಿ ಗೊತ್ತಾಯಿತು.

ಹೆಸರಿಗೆ ಕಾರಣವಿತ್ತು. ದುರಸ್ತಿಯಾದ ಸೇತುವೆಯನ್ನು ಸಂಚಾರಕ್ಕೆ ಬಿಡಬೇಕೇ ಬೇಡವೇ ಎಂದು ತೀರ್ಮಾನಿಸುವ ಸಭೆಯಲ್ಲಿ ಮೊದಲು ಯಾರೂ ಬಾಯಿ ಬಿಡುವಂತಿರಲಿಲ್ಲ. ಅವರೂ ಸೇರಿ ಐವರು ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಮಡಚಿಡಬೇಕು, ಎಲ್ಲರಿಗಿಂತ ಕಿರಿಯರದನ್ನು ಮೊದಲು ಓದಬೇಕು, ಅವರದು ಕೊನೆಗೆ. ಹಳೆಯ ನಕ್ಷೆಗಳನ್ನು ಕತ್ತರಿಸಿ ಮಾಡಿದ ಆ ಚೀಟಿಗಳ ಕಟ್ಟು ಅವರ ಮೇಜಿನ ಮೇಲೆ ಸದಾ ಇರುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಊರಿನ ಎರಡು ಭಾಗಗಳನ್ನು ಸೇರಿಸುವ ಹಳೆಯ ಸೇತುವೆಯ ದುರಸ್ತಿ ಮುಗಿದಿತ್ತು. ಏಳು ತಿಂಗಳಿಂದ ಬಸ್ಸುಗಳು ಸುತ್ತಿ ಬಳಸಿ ಓಡುತ್ತಿದ್ದವು; ಜನ ನಮ್ಮನ್ನು ಕಂಡಲ್ಲೆಲ್ಲ ಬೈಯುತ್ತಿದ್ದರು; ಸೋಮವಾರ ತೆರೆಯುವುದೆಂದು ಪ್ರಕಟಣೆಯೂ ಆಗಿತ್ತು. ಕೊನೆಯ ಪರೀಕ್ಷೆಯಲ್ಲಿ ಮೂರನೆಯ ಕಂಬದ ತುದಿಯಲ್ಲಿ ಗೇಣುದ್ದದ ಬಿರುಕೊಂದು ನನ್ನ ಕಣ್ಣಿಗೆ ಬಿತ್ತು. ಹೊಸ ಬಣ್ಣದ ಮೇಲಿನ ಗೀರಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಭೆಯ ಬೆಳಿಗ್ಗೆ ಸಾಹೇಬರು ಮೆಟ್ಟಿಲ ಬಳಿ ಸಿಕ್ಕಿ, “ಅಂತೂ ಮುಗೀತಲ್ಲಮ್ಮ!” ಎಂದು ಮುಖವರಳಿಸಿ ನಕ್ಕಿದ್ದರು. ಆ ಸಂತೋಷಕ್ಕೆ ತಣ್ಣೀರೆರಚುವ ಎದೆಗಾರಿಕೆ ನನಗಿರಲಿಲ್ಲ. ಚೀಟಿಯಲ್ಲಿ ‘ತೆರೆಯಬಹುದು’ ಎಂದು ಬರೆದೆ.

ಐದು ಚೀಟಿಗಳೂ ಅದನ್ನೇ ಹೇಳಿದವು. ಬೇರೆಯವರಾಗಿದ್ದರೆ ಸಹಿ ಹಾಕಿ ಎದ್ದುಬಿಡುತ್ತಿದ್ದರು. ಇವರು ಎಲ್ಲವನ್ನೂ ಎರಡೆರಡು ಸಲ ಓದಿ, “ಐದು ಜನಕ್ಕೂ ಒಂಚೂರೂ ಅನುಮಾನ ಇಲ್ವಾ? ನನಗ್ಯಾಕೋ ಭಯ ಆಗ್ತಿದೆ” ಎಂದರು. ಬಳಿಕ ಹೊಸ ಚೀಟಿ ಹಂಚಿ, “ಇನ್ನೊಂದು ವರ್ಷಕ್ಕೆ ಈ ಸೇತುವೆ ಕೈಕೊಟ್ಟಿದೆ ಅಂತ ಇಟ್ಕೊಳ್ಳಿ. ಯಾಕೆ ಕೈಕೊಡ್ತು, ಬರೀರಿ. ನಾನು ಕ್ಯಾಂಟೀನಿಗೆ ಹೋಗಿಬರ್ತೀನಿ” ಎಂದು ಎದ್ದು ಹೋದರು.

ಅವರ ಕುರ್ಚಿ ಖಾಲಿಯಾದ ಮೇಲೆ ನನ್ನ ಪೆನ್ನು ನಿಲ್ಲಲಿಲ್ಲ. ಯಾವ ಕಂಬ, ಎಷ್ಟು ಉದ್ದ, ಯಾವ ದಿನ ಕಂಡೆ, ಎಲ್ಲವನ್ನೂ ಬರೆದೆ. ಮಧ್ಯಾಹ್ನವೇ ಬಣ್ಣ ಕೆರೆದು ನೋಡಿದರೆ ಬಿರುಕು ನಾಲ್ಕು ಬೆರಳು ಆಳಕ್ಕಿಳಿದಿತ್ತು. ಸೇತುವೆ ತೆರೆಯುವುದು ಎರಡು ತಿಂಗಳು ಮುಂದೆ ಹೋಯಿತು. ನನ್ನ ಕೆಲಸ ಹೋಯಿತೆಂದೇ ನಾನು ತಿಳಿದೆ.

ಅಳುತ್ತ ನಿಂತ ನನಗೆ ಅವರು, “ನೀನು ಕಂಬ ನೋಡಿ ಬರೀಲಿಲ್ಲ, ನನ್ನ ಮುಖ ನೋಡಿ ಬರೆದೆ. ಮುಖ ತೋರಿಸ್ಕೊಂಡು ಕೂತಿದ್ದು ನನ್ನ ತಪ್ಪು. ನಿನ್ನದೂ ತಪ್ಪಿದೆ, ಮರೀಬೇಡ” ಎಂದರು. ಮೇಲಿನವರ ಬೈಗುಳವನ್ನೆಲ್ಲ ಒಬ್ಬರೇ ತಿಂದರು. ವರದಿಯಲ್ಲಿ ನನ್ನ ಹೆಸರು ಒಂದೇ ಕಡೆ ಇತ್ತು, ಬಿರುಕನ್ನು ಪತ್ತೆ ಹಚ್ಚಿದವರು ಎಂಬಲ್ಲಿ. ಅಂದಿನಿಂದ ನಾವು ಚೀಟಿ ಬರೆಯುವಾಗ ಅವರು ಕ್ಯಾಂಟೀನಿನಲ್ಲಿ ಕುಳಿತು ತಮ್ಮದನ್ನು ಬರೆಯತೊಡಗಿದರು. ನಮ್ಮ ಸಭೆಯ ದಿನಗಳು ಕ್ಯಾಂಟೀನಿನವರಿಗೆ ಬಾಯಿಪಾಠವಾಗಿದ್ದವು.

ಈ ಪಾಠವನ್ನು ನಾನು ಮನೆಗೂ ಒಯ್ದೆ. ಮೂರನೆಯ ಮಹಡಿಯ ನಮ್ಮ ಬಾಡಿಗೆ ಮನೆಯನ್ನು ಬದಲಿಸುವ ಮಾತನ್ನು, ಅತ್ತೆಯವರಿಗೆ ಬೇಸರವಾದೀತೆಂದು ನಾನೂ ನನ್ನ ಗಂಡನೂ ಎರಡು ವರ್ಷ ತೇಲಿಸಿದ್ದೆವು. ಕೊನೆಗೆ ಚೀಟಿ ಹಂಚಿದೆ. ಅತ್ತೆ ಬರೆದಿದ್ದರು: ‘ನನಗೂ ಮೆಟ್ಟಿಲು ಹತ್ತಿ ಸಾಕಾಗಿದೆ. ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ.’ ಮುಂದಿನ ತಿಂಗಳೇ ಮನೆ ಬದಲಿಸಿದೆವು.

ಈಚೆಗೆ ಸಂಸ್ಥೆಯವರು, ಇನ್ನೆರಡು ವರ್ಷ ಮುಂದುವರಿಯಿರೆಂದು ಇವರನ್ನು ಕೇಳಿಕೊಂಡರು. ಇವರು ನಮ್ಮನ್ನು ಕರೆದು ಚೀಟಿ ಹಂಚಿ, “ಇರ್ಲಾ, ಹೋಗ್ಲಾ? ಉಪಚಾರದ ಮಾತು ಬೇಡ” ಎಂದು ಹೊರಗೆ ಹೋದರು. ಅವರಿಲ್ಲದ ವಿಭಾಗವನ್ನು ನೆನೆದರೆ ನನಗೆ ಅಳು ಬರುತ್ತದೆ. ‘ಇರಿ’ ಎಂದು ಬರೆಯಲು ಕೈ ತುಡಿಯಿತು. ಆದರೂ ಕಂಡದ್ದನ್ನೇ ಬರೆದೆ: ‘ಹೋಗಿ ಸರ್. ನೀವು ಕ್ಯಾಂಟೀನಿನಲ್ಲಿದ್ದರೂ ಹೊಸಬರು ನಿಮಗೆ ಏನನ್ನಿಸೀತೆಂದು ಯೋಚಿಸಿಯೇ ಬರೆಯುತ್ತಿದ್ದಾರೆ.’

ಕಿರಿಯರ ಮೂರು ಚೀಟಿಗಳು ‘ಇರಿ’ ಎಂದವು. ನನ್ನದನ್ನೂ ಅವರು ಗಟ್ಟಿಯಾಗಿಯೇ ಓದಿದರು. ಕೊನೆಗೆ ತಮ್ಮದನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಅದರಲ್ಲಿತ್ತು: ‘ಇರುವ ಆಸೆ ತುಂಬಾ ಇದೆ. ಒಬ್ಬರಾದರೂ ಹೋಗಿ ಅಂದರೆ, ಹೋಗುತ್ತೇನೆ.’

ಆ ಒಬ್ಬಳು ನಾನು. ಹಾಗಾಗಿ ಅವರಿಗೆ ನೂರು ವರ್ಷದ ಆಯಸ್ಸನ್ನೂ ಗಟ್ಟಿ ಆರೋಗ್ಯವನ್ನೂ ಕೋರುವ ಮೊದಲ ಹಕ್ಕು ನನ್ನದೇ. ಬರೆಯಬೇಕೆಂದುಕೊಂಡು, ಬಿಡುವು ಸಿಗದೆ ಮುಂದೂಡುತ್ತ ಬಂದ ಪುಸ್ತಕವೊಂದನ್ನು ಅವರು ಇನ್ನಾದರೂ ಬರೆಯಲಿ. ಕರಡನ್ನು ನಮಗೇ ಮೊದಲು ಕಳಿಸಲಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲವೆಂದೇ ಹೇಳುತ್ತೇವೆ.