ಒಂದನೇ ಒಲೆಗೆ ಬಂದ ಮಾತುಗಳು

ತೂಬಗೆರೆಯಲ್ಲಿ ನಮ್ಮದೊಂದು ಹುರಿಹಿಟ್ಟಿನ ಶೆಡ್ಡು. ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮಾರನೆಯ ದಿನ ಕಾದ ಮರಳಿನ ಬಾಣಲೆಗೆ ಹಾಕಿ ಅರಳಿಸುತ್ತೇವೆ. ಆಮೇಲೆ ಜರಡಿ ಹಿಡಿದು, ಹುರಿಗಡಲೆ ಏಲಕ್ಕಿ ಸೇರಿಸಿ ಬೀಸಿ, ಪೊಟ್ಟಣ ಮಾಡಿ ಬೆಂಗಳೂರಿಗೆ ಕಳಿಸುತ್ತೇವೆ. ಒಲೆ ಮೂರು, ಹೆಂಗಸರು ಒಂಬತ್ತು ಜನ, ನಾನು ಹತ್ತನೆಯವಳು. ಹುರಿಯುವುದು ನನ್ನ ಕೈಗೆ ಹತ್ತಲಿಲ್ಲ. ಎರಡು ಸಲ ಕೂತು ಎರಡು ಸಲವೂ ರಾಗಿಯನ್ನು ಇದ್ದಿಲು ಮಾಡಿದ ಮೇಲೆ, ನೀನು ಆರ್ಡರು, ಫೋನು, ಕಂಪ್ಯೂಟರು ನೋಡ್ಕೋ ಹೋಗು ಎಂದು ಅವರೇ ನನ್ನನ್ನು ಒಲೆಯ ಹತ್ತಿರದಿಂದ ಅಟ್ಟಿದರು.

ಒಂದನೇ ಒಲೆಯ ಮುಂದೆ ಕೂರುತ್ತಿದ್ದವಳು ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. ನನಗೆ ಅಕ್ಕ. ಒಡಹುಟ್ಟಿದವಳಲ್ಲ, ಆದರೂ ಬೈಯುವ ಅಧಿಕಾರ ಪೂರ್ತಿ ಇತ್ತು. ಬಾಣಲೆಯ ಮೇಲೆ ಅಂಗೈ ಹಿಡಿದು ಕಾವು ನೋಡುವಳು. ಕಾಳು ಚಟಪಟ ಸಿಡಿಯುವ ಸದ್ದು ಕೇಳಿಯೇ ಇಳಿಸುವ ಹೊತ್ತು ಹೇಳುವಳು. ಬೇರೆಯವರು ಒಂದು ಚೀಲ ಮುಗಿಸುವಷ್ಟರಲ್ಲಿ ಅವಳದು ಎರಡಾಗುತ್ತಿತ್ತು. ಹಾಗಾಗಿ ನಮ್ಮ ಪೊಟ್ಟಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವಳ ಒಲೆಯವೇ.

ಪೊಟ್ಟಣದ ಹಿಂದೆ ಒಂದು ಚೌಕದ ಗುರುತು ಅಚ್ಚು ಹಾಕಿಸಿದ್ದೆವು. ಕೊಂಡವರು ಅದನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಒಂದು ಫಾರಂ ತೆರೆಯುತ್ತದೆ. ಪೊಟ್ಟಣದ ನಂಬರು, ತಮ್ಮ ಏರಿಯಾ ಹಾಕಿ, ಒಂದರಿಂದ ಐದರವರೆಗೆ ಸ್ಟಾರ್ ಕೊಟ್ಟು, ಅನ್ನಿಸಿದ್ದನ್ನು ಬರೆಯಬಹುದು. ಬರೆದದ್ದೆಲ್ಲ ನನ್ನ ಕಂಪ್ಯೂಟರಿನ ಒಂದು ಶೀಟಿಗೆ ಬಂದು ಬೀಳುತ್ತಿತ್ತು. ನಾನು ಅದನ್ನು ನೋಡುತ್ತಿದ್ದದ್ದು ಭಾನುವಾರ. ಅಷ್ಟರಲ್ಲಿ ಕೆಟ್ಟ ಹಿಟ್ಟು ಊರೆಲ್ಲ ಹಂಚಿಹೋಗಿರುತ್ತಿತ್ತು.

ವಿಡಿಯೊ ನೋಡಿ ನೋಡಿ, ಆ ಶೀಟನ್ನೂ ನಮ್ಮ ಶೆಡ್ಡಿನ ಚಾಟ್ ಗ್ರೂಪನ್ನೂ ಜೋಡಿಸುವುದನ್ನು ನಾನೇ ಕಲಿತೆ. ನನ್ನಂಥ ಪಿಯುಸಿ ಫೇಲಾದವಳಿಗೆ ಅದು ಒಲಿದದ್ದೇ ದೊಡ್ಡದು. ಪರದೆಯ ಮೇಲೆ ಈ ಕಡೆ ಒಂದು ಡಬ್ಬ, ಅದು ಗಿರಾಕಿ ಬರೆಯುವ ಜಾಗ. ಆ ಕಡೆ ಇನ್ನೊಂದು ಡಬ್ಬ, ಅದು ನಮ್ಮ ಗ್ರೂಪು. ನಡುವೆ ಇಂಗ್ಲಿಷನ್ನು ಕನ್ನಡ ಮಾಡುವುದಕ್ಕೊಂದು, ನಂಬರು ನೋಡಿ ಯಾವ ಒಲೆಯದೆಂದು ಬರೆಯುವುದಕ್ಕೊಂದು. ಬೆರಳಿನಲ್ಲಿ ಗೆರೆ ಎಳೆದು ನಾಲ್ಕನ್ನೂ ಸೇರಿಸಿದೆ. ಇದು ಬಂದರೆ ಅದು ಮಾಡು ಎಂದು ಹೇಳಿಟ್ಟೆ, ಅಷ್ಟೆ.

ಮಾರನೆಯ ಬೆಳಗ್ಗೆ ಒಂಬತ್ತು ಫೋನೂ ಒಟ್ಟಿಗೆ ಟಿಂಗೆಂದವು. ‘ಮೂರನೇ ಒಲೆ. ಎರಡು ಸ್ಟಾರ್. ಹಿಟ್ಟಿನಲ್ಲಿ ಮರಳು ಕಚ್ಚುತ್ತದೆ. ಜಾಲಹಳ್ಳಿ.’ ಮೂರನೇ ಒಲೆಯವಳು ಬೆಚ್ಚಿ ಬಾಗಿಲ ಕಡೆ ನೋಡಿದಳು, ಗಿರಾಕಿ ಬಂದು ನಿಂತಿದ್ದಾರೇನೋ ಎಂದು. ಎಲ್ಲಿಯ ಜಾಲಹಳ್ಳಿ, ಎಲ್ಲಿಯ ತೂಬಗೆರೆ! ಯಾರೋ ಒಬ್ಬರು ಬಾಯಿಗಿಟ್ಟು ಮುಖ ಸಿಂಡರಿಸಿದ್ದು ಇಲ್ಲಿ ಬಾಣಲೆಯ ಮುಂದೆ ಗೊತ್ತಾಗಿಹೋಯಿತು. ನಡುವೆ ಒಂದು ನರಪಿಳ್ಳೆಯೂ ಇಲ್ಲ. ನನ್ನ ಮೈ ಜುಂ ಎಂದಿತು. ಅಂಗಳಕ್ಕೆ ಬಂದು ಸುಮ್ಮನೆ ನಿಂತೆ. ಮೇಲೆ ದೇವನಹಳ್ಳಿ ಕಡೆಗೆ ವಿಮಾನ ಇಳಿಯುತ್ತಿತ್ತು. ದಿನಾ ಅದನ್ನು ನೋಡಿಯೂ ಏನೂ ಅನ್ನಿಸದವಳು ಇದಕ್ಕೆ ದಂಗಾಗಿದ್ದೆ. ಮಧ್ಯಾಹ್ನದೊಳಗೆ ಜರಡಿ ಬದಲಾಯಿತು.

ಆ ಜೋಡಣೆಗೆ ನಾನು ಇನ್ನೊಂದು ಷರತ್ತು ಹಾಕಿದ್ದೆ. ಮೂರು ಸ್ಟಾರ್ ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಗ್ರೂಪಿಗೆ ಹೋಗಬೇಕು. ನಾಲ್ಕು, ಐದು ಬಂದರೆ ಶೀಟಿನಲ್ಲೇ ಇರಬೇಕು. ಜಾಣತನ ಎಂದು ಯಾರಾದರೂ ಅಂದುಕೊಂಡರೆ, ಅಲ್ಲ. ದೃಷ್ಟಿಯ ಭಯ. ನಮ್ಮ ಕಡೆ ಕೂಸು ಚೆನ್ನಾಗಿ ಉಣ್ಣುತ್ತದೆ ಎಂದು ಬಾಯಿಬಿಟ್ಟು ಹೇಳುವಂತಿಲ್ಲ, ಹಸು ತುಂಬಾ ಹಾಲು ಕೊಡುತ್ತದೆ ಎಂದೂ ಹೇಳುವಂತಿಲ್ಲ. ನನ್ನ ಜಡೆ ಉದ್ದ ಎಂದು ಯಾರೋ ಅಂದದ್ದಕ್ಕೆ ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಚೆನ್ನಾಗಿ ಹುರಿಯುವ ಕೈಯನ್ನು ಒಂಬತ್ತು ಜನರ ಎದುರಿಗೆ ಹೊಗಳಿಸಿ ನಾನೇ ದೃಷ್ಟಿ ತಾಗಿಸಲೇ? ಹೊಗಳಿಕೆಯನ್ನೆಲ್ಲ ನಾನೊಬ್ಬಳೇ ಓದಿಕೊಂಡು, ಒಳಗೊಳಗೇ ಖುಷಿಪಟ್ಟು, ಶೀಟು ಮುಚ್ಚುತ್ತಿದ್ದೆ.

ಎಂಟು ತಿಂಗಳು ಹೀಗೇ ನಡೆಯಿತು. ದೂರು ಹೆಚ್ಚೇನೂ ಇರಲಿಲ್ಲ. ಆದರೆ ಹೆಚ್ಚು ಪೊಟ್ಟಣ ಅಕ್ಕನವಾದ್ದರಿಂದ ಬಂದ ದೂರಿನಲ್ಲಿ ಹೆಚ್ಚಿನವೂ ಅವಳವೇ. ‘ಒಂದನೇ ಒಲೆ. ಕಹಿ.’ ‘ಒಂದನೇ ಒಲೆ. ಹಸಿ ವಾಸನೆ.’ ಟಿಂಗೆಂದರೆ ಅವಳ ಕೈ ನಿಲ್ಲುತ್ತಿತ್ತು. ಸೀದೀತೆಂಬ ಹೆದರಿಕೆಗೆ ಬೇಗ ಇಳಿಸತೊಡಗಿದಳು, ಅರ್ಧ ಕಾಳು ಅರಳುತ್ತಲೇ ಇರಲಿಲ್ಲ. ಅದಕ್ಕೆ ಮತ್ತೆ ದೂರು. ಬಿಸಿಯಾಗಿದ್ದ ಅಕ್ಕ ತಣ್ಣಗಾಗಿ ಹೋದಳು. ನನ್ನನ್ನು ಬೈಯುವುದನ್ನೂ ಬಿಟ್ಟಳು. ನಾನು ಅದನ್ನು ವಯಸ್ಸಿನ ಸುಸ್ತು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು!

ಒಂದು ಬೆಳಗ್ಗೆ ಒಲೆ ಹಚ್ಚದೆ ನನ್ನ ಮೇಜಿನ ಹತ್ತಿರ ಬಂದು, ತನ್ನ ಹತ್ತಿರವಿದ್ದ ಶೆಡ್ಡಿನ ಬೀಗದ ಕೈ ಇಟ್ಟಳು.

“ನಾಳೆಯಿಂದ ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗೆ ಹೋಗ್ತೀನಿ ಕಣಮ್ಮ. ಊರಿಗೇ ವ್ಯಾನ್ ಬರ್ತೈತೆ. ಅಲ್ಲಿ ಬೈದ್ರೆ ಒಬ್ಬ ಸೂಪರ್‌ವೈಸರ್ ಬೈತಾನೆ. ಇಲ್ಲಿ ಇಡೀ ಬೆಂಗಳೂರೇ ಬೈತೈತೆ.”

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಒಟ್ಟಿಗಿದ್ದು ಹೀಗೆ ನಡುನೀರಿನಲ್ಲಿ ಕೈಬಿಡುತ್ತೀಯಲ್ಲ ಎಂದು ರೇಗಿದೆ. ನಿನ್ನಷ್ಟು ಚೆನ್ನಾಗಿ ಹುರಿಯುವವರು ಯಾರಿದ್ದಾರೆ ಎಂದು ಕೂಗಿದೆ. ಆಮೇಲೆ ನಾಚಿಕೆಯಾಯಿತು. ಆ ಮಾತನ್ನು ನಾನು ಅವಳಿಗೆ ಹೇಳಿದ್ದು ಅದೇ ಮೊದಲು, ಅದೂ ಜಗಳವಾಡುವಾಗ. ಅವಳು ಅದನ್ನು ನಂಬಲೂ ಇಲ್ಲ. ಉಳಿಸಿಕೊಳ್ಳಲು ಹೇಳ್ತೀಯ ಬಿಡು ಎಂದು, ತನ್ನ ಟಿಫನ್ ಡಬ್ಬಿ, ಸೆರಗಿನ ಮೇಲೆ ಕಟ್ಟಿಕೊಳ್ಳುವ ಬಟ್ಟೆ ಎತ್ತಿಡತೊಡಗಿದಳು.

ನಾನು ಕಂಪ್ಯೂಟರು ತೆರೆದೆ. ಮೂರು ಮತ್ತು ಅದಕ್ಕಿಂತ ಕಡಿಮೆ ಎಂಬ ಆ ಷರತ್ತನ್ನು ಅಳಿಸಿದೆ. ಇನ್ನು ಮುಂದೆ ಬರುವ ಒಳ್ಳೆಯ ಮಾತಾದರೂ ಅವಳಿಗೆ ತಲುಪಲಿ, ಸಂಜೆಯೊಳಗೆ ಒಂದಾದರೂ ಬರಲಿ ದೇವರೇ ಎಂದುಕೊಂಡೆ. ಅಷ್ಟರಲ್ಲಿ ಪರದೆಯೇ ನನ್ನನ್ನು ಕೇಳಿತು, ಹಳೆಯವನ್ನೂ ಕಳಿಸಲೇ? ಇಂಥದ್ದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಹೂಂ ಎಂದು ಒತ್ತಿದೆ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಶೆಡ್ಡಿನ ಅಷ್ಟೂ ಫೋನುಗಳು ಬಡಿದುಕೊಳ್ಳತೊಡಗಿದವು. ಕಿಟಕಿಯ ಮೇಲಿಟ್ಟದ್ದು, ಸೊಂಟಕ್ಕೆ ಸಿಕ್ಕಿಸಿದ್ದು, ರಾಗಿ ಚೀಲದ ಮೇಲೆ ಮರೆತದ್ದು, ಎಲ್ಲವೂ. ನಿಲ್ಲುತ್ತಲೇ ಇಲ್ಲ. ಎಂಟು ತಿಂಗಳು ನಾನು ತಡೆದಿಟ್ಟದ್ದೆಲ್ಲ ಕೆರೆ ಕೋಡಿ ಬಿದ್ದಂತೆ ಹರಿದು ಬಂತು. ‘ಒಂದನೇ ಒಲೆ. ಐದು ಸ್ಟಾರ್. ನಮ್ಮಜ್ಜಿ ಮಾಡುತ್ತಿದ್ದ ಹಾಗೇ ಇದೆ. ಯಶವಂತಪುರ.’ ‘ಒಂದನೇ ಒಲೆ. ಐದು ಸ್ಟಾರ್. ಮಗಳು ಸ್ಕೂಲಿನಿಂದ ಬಂದ ತಕ್ಷಣ ಇದನ್ನೇ ಕೇಳುತ್ತಾಳೆ. ಹೊಸಕೋಟೆ.’ ಜರಡಿ ಹಿಡಿದವರು ಜರಡಿ ಕೆಳಗಿಟ್ಟರು. ಯಾರೋ ಗಟ್ಟಿಯಾಗಿ ಓದತೊಡಗಿದರು, ಇನ್ನೊಬ್ಬರು ಇಲ್ನೋಡು ಇಲ್ನೋಡು ಎಂದರು. ಇಷ್ಟು ಜನ, ಇಷ್ಟು ಅಡುಗೆಮನೆ! ಮುಖ ನೋಡದವರು, ಹೆಸರು ಗೊತ್ತಿಲ್ಲದವರು ಪೊಟ್ಟಣದ ನಂಬರು ಹಿಡಿದು ಅವಳನ್ನು ಹುಡುಕಿಕೊಂಡು ಬಂದಿದ್ದರು. ನನಗೆ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

ಅಕ್ಕ ಡಬ್ಬಿ ಪಕ್ಕಕ್ಕಿಟ್ಟು ತನ್ನ ಒಲೆಯ ಮುಂದೆ ಕೂತಳು. ಅಕ್ಷರ ಕೂಡಿಸಿ ಕೂಡಿಸಿ ತಾನೇ ಓದಿಕೊಂಡಳು, ಯಾರಿಗೂ ಫೋನು ಕೊಡಲಿಲ್ಲ. ರಾಜಾಜಿನಗರದ ಒಬ್ಬ ಹೆಣ್ಣುಮಗಳು ಮೂರು ಸಲ ಬರೆದಿದ್ದಳು. ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪ ಏನೂ ನುಂಗುತ್ತಿರಲಿಲ್ಲ, ಇದನ್ನು ಹಾಲಿನಲ್ಲಿ ಕದಡಿ ಕೊಟ್ಟರೆ ಇನ್ನೊಂದು ಲೋಟ ಕೇಳಿದರು ಎಂದು ಮೊದಲನೆಯದರಲ್ಲಿತ್ತು. ಅಪ್ಪ ಈಗ ಬೀದಿಯ ಕೊನೆವರೆಗೆ ನಡೆಯುತ್ತಾರೆ ಎಂದು ಎರಡನೆಯದರಲ್ಲಿ. ಮೂರನೆಯದು ಹಿಂದಿನ ದಿನದ್ದು: ಪೊಟ್ಟಣ ಮುಗಿಯುತ್ತಾ ಬಂತು, ಅಪ್ಪ ಬೇರೆಯದನ್ನು ಮುಟ್ಟುವುದಿಲ್ಲ, ಇದೇ ಕೈ ಹುರಿದದ್ದು ಸಿಗುತ್ತದೆಯೇ?

ಅಕ್ಕ ತಲೆ ಎತ್ತಿ, ಇದೆಲ್ಲ ಇಷ್ಟು ದಿನ ಎಲ್ಲಿತ್ತು ಎಂದು ಕೇಳಿದಳು. ನನ್ನ ಹತ್ತಿರವೇ ಇತ್ತು, ದೃಷ್ಟಿ ಆಗಬಾರದೆಂದು ಇಟ್ಟುಕೊಂಡಿದ್ದೆ ಎಂದೆ.

“ದೃಷ್ಟಿ ಆದ್ರೆ ತೆಗೆದು ಹಾಕ್ಬೋದಿತ್ತು. ಮೂವತ್ತು ವರ್ಷದಿಂದ ಹುರೀತಾ ಇದ್ದೀನಿ. ಅತ್ತೆ ಮನೇಲಿ ಹುರಿದೆ, ಊರವರ ಮದುವೆಗೆ ಹುರಿದೆ, ಇಲ್ಲಿ ಹುರಿದೆ. ಚೆನ್ನಾಗೈತೆ ಅಂತ ಒಬ್ಬರೂ ಹೇಳಿರಲಿಲ್ಲ ನಂಗೆ.”

ಕ್ಷಮಿಸು ಅಕ್ಕ ಎಂದೆ. ಅವಳು ಹಿಂದಿನ ದಿನ ಕಟ್ಟಿಟ್ಟಿದ್ದ ರಾಗಿಯ ಗಂಟು ಬಿಚ್ಚಿ, ಒಂದು ಹಿಡಿ ಅಂಗೈಯಲ್ಲಿ ಹಿಸುಕಿ ಹದ ನೋಡಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಒಲೆ ಹಚ್ಚಿದಳು.

“ನಾಳೆನೂ ಬರ್ತೀನಿ. ನಿನ್ನ ಮುಖ ನೋಡ್ಕೊಂಡಲ್ಲ. ಆ ಅಯ್ಯಂಗೆ ಹಿಟ್ಟು ಮುಗೀತಾ ಬಂದೈತೆ.”