ಹೊತ್ತಿಕೊಳ್ಳದ ನಾಲ್ಕನೇ ದೀಪ

ಆಗ ನಾನು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಕಂಪ್ಯೂಟರು ಹೊಸದಾಗಿ ಬಂದ ಕಾಲ. ಹದಿನೈದು ದಿನದ ತರಬೇತಿಗೆ ಹೋಗಲು ಯಾರೂ ಒಪ್ಪದಿದ್ದಾಗ ನನ್ನ ಹೆಸರು ಬರೆದು ಕಳಿಸಿದರು. ತಿರುಗಿ ಬಂದಮೇಲೆ ಕೇಬಲ್ಲಿನ ತುದಿಗೆ ಪ್ಲಗ್ಗು ಕಚ್ಚಿಸುವ ಒಂದು ಇಕ್ಕಳ, ಒಂದು ಪೊಟ್ಟಣ ಪ್ಲಗ್ಗು ಕೈಗಿತ್ತರು. ಅಲ್ಲಿಂದ ಮುಂದೆ ಎಲ್ಲಿ ಏನು ಕೆಟ್ಟರೂ ನನಗೇ ಕರೆ. ನನ್ನ ಮೇಜಿನ ಫೈಲುಗಳನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ನಾನು ಬರುವವರೆಗೆ ಅವು ಹಾಗೆಯೇ ಕಾಯುತ್ತಿದ್ದವು.

ಮಳೆ ಹಿಡಿದು ಒಂದು ವಾರವಾಗಿತ್ತು. ನನಗೆ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು. ಅಂಕೋಲೆಯ ಕಚೇರಿಯಿಂದ ಫೋನ್ ಬಂತು. ಪ್ರಮಾಣಪತ್ರ ಕೊಡುವ ಕಂಪ್ಯೂಟರ್ ಮೂರು ದಿನದಿಂದ ಸತ್ತಂತಿದೆ, ಬರಬೇಕು ಅಂತ. ಡಬ್ಬಿಗೆ ಅನ್ನ, ಬಂಗಡೆ ಸಾರು ತುಂಬಿಕೊಂಡು ಬಸ್ಸು ಹತ್ತಿದೆ. ಬಿಣಗಾ ದಾಟುವಷ್ಟರಲ್ಲಿ ಸೀರೆಯ ಅಂಚು ಸೋರುವ ಕಿಟಕಿಯಿಂದ ಒದ್ದೆಯಾಯಿತು. ಅರ್ಗಾದ ಹತ್ತಿರ ನಿದ್ದೆ ಹತ್ತಿ, ಕಣ್ಣುಬಿಟ್ಟರೆ ಅಂಕೋಲೆ ನಿಲ್ದಾಣ.

ಕಚೇರಿಯ ಬೆಂಚಿನ ತುದಿಯಲ್ಲಿ ಭಾವಿಕೇರಿಯ ಒಬ್ಬ ಹೆಂಗಸು ಕೂತಿದ್ದಳು, ಮಳೆಗೆ ತಲೆಯ ಮೇಲಿಂದ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು. ಕಾಲಿನ ಕೆಸರು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳ ಮಗಳಿಗೆ ಕಾರವಾರದಲ್ಲಿ ಡಿಪ್ಲೊಮಾಕ್ಕೆ ಸೀಟು ಸಿಕ್ಕಿತ್ತು. ಹಾಸ್ಟೆಲ್ಲಿಗೆ ಜಾತಿ ಪ್ರಮಾಣಪತ್ರ ಕೊಡಲು ಮರುದಿನವೇ ಕಡೆಯ ದಿನ. ಹಾಸ್ಟೆಲ್ ಇಲ್ಲವೆಂದರೆ ಓದೂ ಇಲ್ಲ, ದಿನಾ ಅಷ್ಟು ದೂರ ಹೋಗಿಬರುವುದು ಅವರಿಂದ ಆಗದ ಮಾತು. ಊರಿನ ತನಿಖೆ, ವರದಿ ಎಲ್ಲ ಮುಗಿದಿತ್ತು. ಆಗಬೇಕಾದ್ದು ಬರೀ ಪ್ರಿಂಟು, ಸಹಿ. ಆ ಪ್ರಿಂಟಿನ ವ್ಯವಸ್ಥೆ ಇದ್ದದ್ದು ಕೆಟ್ಟ ಆ ಒಂದೇ ಕಂಪ್ಯೂಟರಿನಲ್ಲಿ.

“ಅಮ್ಮಾ, ರಿಪೇರಿ ಮಾಡೂಕೆ ಬಂದವ್ರು ನೀವೇಯಾ?” ಅಂದಳು. ಹೌದೆಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಾ ಗಂಡಸ್ರು ಬತ್ರೆ ಅಂದ್ಕಂಡಿದ್ದೆ. ಆಗ್ಲಿ, ಬೇಗ ಆತದೆ ಹಂಗಾರೆ” ಅಂದಳು.

ಬೇಗ ಆಗಲಿಲ್ಲ.

ಗೋಡೆಯ ಮೇಲೆ ಕಟ್ಟಿಗೆಯ ಗೂಡಿನೊಳಗೆ ಸ್ವಿಚ್ ಇತ್ತು. ಲೈಟು ಹಾಕುವ ಸ್ವಿಚ್ಚಲ್ಲ. ಕಚೇರಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಅಂಗೈಯಗಲದ ಪೆಟ್ಟಿಗೆ, ಅದಕ್ಕೆ ಎಂಟು ಪೋರ್ಟು, ಅಂದರೆ ಕೇಬಲ್ ಚುಚ್ಚುವ ತೂತು. ಪ್ರತಿ ಕಂಪ್ಯೂಟರಿನ ಕೇಬಲ್ ಬಂದು ಒಂದೊಂದು ಪೋರ್ಟಿನಲ್ಲಿ ಕೂರುತ್ತದೆ, ಸರಿಯಾಗಿ ಕೂತರೆ ಮೇಲೊಂದು ಹಸಿರು ದೀಪ ಹೊತ್ತುತ್ತದೆ. ಒಂದು, ಎರಡು, ಮೂರು ಹೊತ್ತಿದ್ದವು. ನಾಲ್ಕನೆಯದು, ಪ್ರಮಾಣಪತ್ರದ ಕಂಪ್ಯೂಟರಿನದು, ಕಪ್ಪು. ಮಿಕ್ಕ ನಾಲ್ಕು ಖಾಲಿ.

ಸ್ಟೂಲು ಹತ್ತಿ ಕೇಬಲ್ ತೆಗೆದು ಮತ್ತೆ ಚುಚ್ಚಿದೆ. ಇಲ್ಲ. ಐದರಲ್ಲಿ, ಆರರಲ್ಲಿ, ಕೊನೆಗೆ ಎಂಟರಲ್ಲಿಯೂ ಹಾಕಿ ನೋಡಿದೆ. ಯಾವುದೂ ಹೊತ್ತಲಿಲ್ಲ. ಹಾಗಾದರೆ ಪೋರ್ಟಿನ ದೋಷವಲ್ಲ, ಕೇಬಲ್ಲಿನದೋ ಕಂಪ್ಯೂಟರಿನದೋ ಅಂತ ಲೆಕ್ಕ ಹಾಕಿದೆ. ಕೆಳಗಿಳಿದು ಕಂಪ್ಯೂಟರಿನ ಬದಿಯ ಪ್ಲಗ್ಗು ಕತ್ತರಿಸಿ ಹೊಸದು ಕಚ್ಚಿಸಿದೆ. ಎಂಟು ಎಳೆಗಳನ್ನು ಬಣ್ಣದ ಕ್ರಮದಲ್ಲಿ ನೆಟ್ಟಗೆ ಹಿಡಿಯುವುದಕ್ಕೇ ಕನ್ನಡಕ ಎರಡು ಸಲ ಒರೆಸಬೇಕಾಯಿತು. ಮತ್ತೆ ಸ್ಟೂಲು. ಇಲ್ಲ. ಕಂಪ್ಯೂಟರಿನ ಒಳಗಿನ ಕಾರ್ಡು ಬಿಚ್ಚಿ, ಊದಿ, ಕೂರಿಸಿದೆ. ಮತ್ತೆ ಸ್ಟೂಲು. ಇಲ್ಲ.

ಬೆಂಚಿನಿಂದ ಮಾತು ಬಂತು: “ಆ ಪೆಟ್ಗೆ ಹೆಣ್ಣು ನೋಡೂಕೆ ಬಂದ ಗಂಡಿನಂಗೆ ಕೂತದೆ. ಹೂಂ ಅನ್ನೂದಿಲ್ಲ, ಊಹೂಂ ಅನ್ನೂದಿಲ್ಲ.” ಸಾಲಿನಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ, ಸೀನು ಬಂತು.

ಕೊನೆಗೆ, ಮೂರನೇ ಪೋರ್ಟಿನಲ್ಲಿದ್ದ ಪಕ್ಕದ ಕೌಂಟರಿನ ಕೇಬಲ್ ಅದಲುಬದಲು ಮಾಡಿ ನೋಡೋಣ ಅಂದುಕೊಂಡೆ. ಅವರದನ್ನು ನಾಲ್ಕಕ್ಕೆ, ನಮ್ಮದನ್ನು ಮೂರಕ್ಕೆ. ಎರಡೂ ಹೊತ್ತಲಿಲ್ಲ. ಪೋರ್ಟೂ ಕೆಟ್ಟಿದೆ, ಕೇಬಲ್ಲೂ ಕೆಟ್ಟಿದೆ ಅಂದರೆ ಏನರ್ಥ? ತಲೆ ಓಡದೆ ಎರಡನ್ನೂ ಮೊದಲಿದ್ದಲ್ಲಿಗೇ ಹಾಕಿದೆ. ಆಗ ಪಕ್ಕದ ಕೌಂಟರಿನ ಗುಮಾಸ್ತರು ಕೂಗಿದರು, “ಅಕ್ಕೋರೆ, ಎಂತ ಮಾಡಿದ್ರಿ? ನಂದೂ ಹೋಯ್ತಲ್ರೀ!”

ಮೂರನೆಯ ದೀಪವೂ ಆರಿತ್ತು. ರಿಪೇರಿಗೆ ಬಂದವಳು ಒಂದಿದ್ದದ್ದನ್ನು ಎರಡು ಮಾಡಿದ್ದೆ. ಪಹಣಿಗೆ ನಿಂತ ಸಾಲು ಗೊಣಗತೊಡಗಿತು. “ಒಳ್ಳೇದಿದ್ದದ್ದೂ ಹೋಯ್ತಾ?” ಅಂದ ಯಾರೋ ಒಬ್ಬ. ಬೆಂಚಿನ ಹೆಂಗಸು ಮಾತ್ರ ಗೋಡೆಯ ಗಡಿಯಾರ ನೋಡಿದಳು. ಅದು ನನಗೆ ಹೆಚ್ಚು ತಾಗಿತು.

ಮೂರು ಗಂಟೆಯಾಗಿತ್ತು. ಊಟ ಇನ್ನೂ ಆಗಿರಲಿಲ್ಲ. ಒಳಗಿನ ಕೋಣೆಗೆ ಹೋಗಿ ಡಬ್ಬಿ ತೆರೆಯಲು ನೋಡಿದರೆ ಮುಚ್ಚಳ ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು. ಮಳೆನೀರಿರಬೇಕೆಂದು ಸೆರಗಿಗೆ ಒರೆಸಿದೆ. ಸೆರಗಿನ ಮೇಲೆ ಹಳದಿ ಕಲೆ. ಹೆಬ್ಬೆರಳು ತೋರುಬೆರಳು ಉಜ್ಜಿ ನೋಡಿದೆ, ಅಂಟಂಟು, ನಡುವೆ ಸುಣ್ಣದ ಹರಳು. ಮೂಗು ತೆರೆದಿದ್ದರೆ ಬೆಳಿಗ್ಗೆಯೇ ವಾಸನೆ ಗೊತ್ತಾಗುತ್ತಿತ್ತೇನೋ.

ಚಹಾ ತಂದಿದ್ದ ಜವಾನರಿಗೆ ಬೆರಳು ತೋರಿಸಿದೆ. ನನಗಿಂತ ಹಿರಿಯರು, ಕಡಲಿಗೆ ಹೋಗುವ ಮನೆತನ, ಅವರ ತಮ್ಮನಿಗೆ ಈಗಲೂ ಬೋಟು ಇತ್ತು.

“ಇದೆಂಥದು?”

“ಗ್ರೀಸು. ಬೋಟಿನ ಇಂಜಿನ್ನಿಗೆ ಹಾಕೂದು,” ಅಂದರು, ಗುರುತಿನವರನ್ನು ಕಂಡ ಹಾಗೆ. ಆಮೇಲೆ ನಿಧಾನವಾಗಿ, “ನಿಮ್ಗೆಲ್ಲಿ ಹತ್ತಿತು?”

ಗೋಡೆಯ ಗೂಡಿನ ಕಡೆ ಕೈ ತೋರಿಸಿದೆ.

“ನಾನೇ ಹಚ್ಚಿದ್ದು ಅಕ್ಕೋರೆ,” ಅಂದರು. “ಸುಣ್ಣ ಹೊಡಿಯೂಕೆ ಆ ಒಂದು ವಯರು ಅಡ್ಡ ಬಂತು, ತೆಗೆದೆ. ನೋಡಿದ್ರೆ ಒಳಗೆ ಸಣ್ಣ ಸಣ್ಣ ಹಿತ್ತಾಳೆ ಹಲ್ಲು. ಖಾಲಿ ತೂತೆಲ್ಲ ಬಾಯಿ ಬಿಟ್ಕಂಡು ಕೂತಿದ್ದೊ. ಈ ಉಪ್ಪುಗಾಳಿಗೆ ಒಂದು ಮಳೆಗಾಲ ತಡೀತದಾ? ನಾವು ಇಂಜಿನ್ನಿನ ವಯರು ಹಂಗೇ ಬಿಡೂದೇ ಇಲ್ಲ.”

ಮಳೆಗೆ ಮುಂಚೆ ಕಚೇರಿಯ ಬೀಗ, ಬಿಜಾಗರಿ, ಬೀರುವಿನ ಚಿಲಕ ಎಲ್ಲಕ್ಕೂ ಅವರು ಪ್ರತಿವರ್ಷ ಗ್ರೀಸು ಹಚ್ಚುತ್ತಿದ್ದರಂತೆ. ಈ ಸಲ ಆ ನಾಲ್ಕನೇ ತೂತಿಗೂ ಖಾಲಿ ತೂತುಗಳಿಗೂ. ಕಂಪ್ಯೂಟರು ಆಮೇಲೂ ಕೆಲವು ದಿನ ನಡೆದು, ಮೇಲಿಂದ ಸುಣ್ಣದ ಪುಡಿ ಬಿದ್ದು ಗ್ರೀಸು ಹೆಪ್ಪುಗಟ್ಟಿ, ಹಲ್ಲಿಗೆ ಹಲ್ಲು ತಾಗದೆ ನಿಂತುಬಿಟ್ಟಿತ್ತು. ಒಂದರಿಂದ ಒಂದಕ್ಕೆ ಚುಚ್ಚಿ ಚುಚ್ಚಿ ಅದನ್ನು ಮೂರನೇ ಪೋರ್ಟಿಗೂ ಪಕ್ಕದವರ ಪ್ಲಗ್ಗಿಗೂ ದಾಟಿಸಿದವಳು ನಾನು.

ಬೈಯುವಷ್ಟು ತ್ರಾಣ ಇರಲಿಲ್ಲ. “ಸ್ಪಿರಿಟ್ಟು, ಹತ್ತಿ ತನ್ನಿ,” ಅಂದೆ. ಅವರು ಛತ್ರಿಯನ್ನೂ ಹಿಡಿಯದೆ ಔಷಧದಂಗಡಿಗೆ ಓಡಿದರು.

ಸ್ವಿಚ್ಚಿನ ಕರೆಂಟು ತೆಗೆದಾಗ ಉಳಿದ ಕೌಂಟರೂ ನಿಂತು ಸಾಲಿನಲ್ಲಿ ಗಲಾಟೆ ಎದ್ದಿತು. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ, ಆ ಹೆಂಗಸಿನ ಪಕ್ಕದಲ್ಲೇ ಕೂತೆ. ಬೆಳಕು ಇದ್ದದ್ದು ಅಲ್ಲೇ. ಪೊರಕೆಯಿಂದ ಮುರಿದ ಹಿಡಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಒಂದೊಂದೇ ಹಲ್ಲು ತಿಕ್ಕಿದೆ. ಜವಾನರು ಕಡ್ಡಿ ಸುತ್ತಿ ಕೊಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವಳೂ ಸುತ್ತತೊಡಗಿದಳು. ಅವಳು ಸುತ್ತಿದ ಹತ್ತಿ ಬಿಗಿಯಾಗಿತ್ತು, ಬಿಚ್ಚಿಹೋಗುತ್ತಿರಲಿಲ್ಲ.

“ನಿಮ್ಮ ಗ್ರೀಸಿಂದ ನನ್ನ ಮಗಳು ಮನೇಲೇ ಕೂತ್ಕಂತಿದ್ಲು ನೋಡಿ,” ಅಂದಳು ಜವಾನರಿಗೆ, ಕೈ ನಿಲ್ಲಿಸದೆ.

“ಹಂಗನ್ಬೇಡ ತಂಗಿ. ಹಾಳಾಗ್ಲಿ ಅಂತ ಹಚ್ಚಿದ್ದಲ್ಲ.”

“ಅದು ಗೊತ್ತುಂಟು. ಅದ್ಕೇ ಬಾಯಿಗೆ ಬಂದದ್ದು ಹೇಳ್ಲಿಲ್ಲ.”

ಎರಡೂ ಕೇಬಲ್ಲುಗಳ ಸ್ವಿಚ್ ಬದಿಯ ಪ್ಲಗ್ಗು ಕತ್ತರಿಸಿ ಹೊಸದು ಹಾಕಿದೆ. ಪೆಟ್ಟಿಗೆ ಗೂಡಿಗೇರಿ ಕರೆಂಟು ಬಂದಾಗ ಐದಕ್ಕೆ ಕೆಲವೇ ನಿಮಿಷವಿತ್ತು. ಮೂರನೆಯದು ಹೊತ್ತಿತು. ನಾಲ್ಕನೆಯದು ಒಮ್ಮೆ ಮಿನುಗಿ, ಆರಿ, ಮತ್ತೆ ಹೊತ್ತಿ ನಿಂತಿತು. ಕಾಗದ ಪ್ರಿಂಟರಿನಿಂದ ಕಿರುಗುಟ್ಟುತ್ತ ಬಂತು. ಸಹಿ ಹಾಕಬೇಕಾದ ಸಾಹೇಬರು ಆಗಲೇ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿದ್ದರು. ಜವಾನರು ಅವರ ಮುಂದೆ ಮೊಹರು, ಪೆನ್ನು ಹಿಡಿದು ಅಡ್ಡ ನಿಂತರು. ನಿಂತಲ್ಲೇ ಸಹಿಯಾಯಿತು.

ಹೆಂಗಸು ಕಾಗದವನ್ನು ನನ್ನ ಮುಂದೆ ಹಿಡಿದಳು. “ಓದಿ ಹೇಳ್ರಿ ಅಮ್ಮಾ.” ಮಗಳ ಹೆಸರು, ತಂದೆಯ ಹೆಸರು, ಊರು, ಎಲ್ಲ ಓದಿದೆ. “ಇನ್ನೊಂದ್ಸಲ,” ಅಂದಳು. ಮತ್ತೆ ಓದಿದೆ.

“ನಾ ಹೆಂಗೂ ಕಾರವಾರಕ್ಕೇ ಹೋಗೂದು,” ಅಂದೆ. “ಕೊಡು, ಬೆಳಿಗ್ಗೆ ಹಾಸ್ಟೆಲ್ಲಿಗೆ ನಾನೇ ಮುಟ್ಟಿಸ್ತೆ.”

ಅವಳು ಕಾಗದವನ್ನು ಕೊಪ್ಪೆಯ ಮಡಿಕೆಯೊಳಗೆ ಸೇರಿಸಿಕೊಂಡು ಎದೆಗೊತ್ತಿ ಹಿಡಿದಳು. “ಬೇಡ ಅಮ್ಮಾ. ಸಿಟ್ಟು ಮಾಡ್ಕಬೇಡಿ. ನಾನೇ ಹೋಗಿ ಅವ್ರ ಕೈಲಿ ಕೊಟ್ರೇ ನಂಗೆ ನಿದ್ದೆ ಬೀಳೂದು.”

ನನಗೇನೂ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ, ಬೆಳಿಗ್ಗೆಯ ಒಂದು ಓಡಾಟ ತಪ್ಪಿತಲ್ಲ ಅಂತ ಹಗುರವೇ ಆಯಿತು. ಯಾವ ಬಸ್ಸು, ಯಾವ ತಿರುವಿನಲ್ಲಿ ಇಳಿಯಬೇಕು, ಯಾರನ್ನು ಕೇಳಬೇಕು ಅಂತ ಹೇಳಿಕೊಟ್ಟೆ. ಅವಳು ಒಂದೊಂದನ್ನೂ ಬಾಯಲ್ಲೇ ತಿರುಗಿ ಹೇಳಿಕೊಳ್ಳುತ್ತ, ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳದೆ, ನೆನೆಯುತ್ತಲೇ ಭಾವಿಕೇರಿಯ ಟೆಂಪೋದ ಕಡೆ ನಡೆದಳು.